ಬೀಜಕ್ಕೆ ತಂಪೋ, ಚಳಿಯೋ, ಶೀತವೋ?

ನಮಸ್ಕಾರ.

ಗೆಳೆಯರೊಬ್ಬರಿಗಾಗಿ ಕೈತೋಟದ ಒಂದು ಟಿಪ್ಪಣಿಯನ್ನು ಕನ್ನಡಕ್ಕೆ ತಂದುಕೊಟ್ಟಿದ್ದೆ. ಸೇಬಿನ ಬೀಜಕ್ಕೆ 'ಕೋಲ್ಡ್ ಟ್ರೀಟ್‌ಮೆಂಟ್' ಕೊಡಬೇಕು ಅಂತ ಅದರಲ್ಲಿತ್ತು. 'ಶೀತೋಪಚಾರ ಮಾಡಿ, ಮೂರು ತಿಂಗಳು ಫ್ರಿಜ್‌ನಲ್ಲಿಡಿ' ಎಂದು ಬರೆದೆ. ಅವರು ಬೀಜಗಳನ್ನು ಚೆನ್ನಾಗಿ ಒಣಗಿಸಿ, ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು ಮೂರು ತಿಂಗಳು ಇಟ್ಟರು. ಆಮೇಲೆ ಬಿತ್ತಿದರು. ಒಂದೂ ಮೊಳೆಯಲಿಲ್ಲ. ತಪ್ಪು ಅವರದಲ್ಲ, ನನ್ನ ಪದದ್ದು.

ಯಾಕೆ ಅಂತ ಹೇಳುತ್ತೇನೆ. ಒಣ ಬೀಜವನ್ನು ತಣ್ಣಗಿನ ಜಾಗದಲ್ಲಿಟ್ಟರೆ ಅದರ ಬಾಳಿಕೆ ಹೆಚ್ಚುತ್ತದೆ, ಅಷ್ಟೇ. ಹ್ಯಾರಿಂಗ್ಟನ್ ಎಂಬ ಬೀಜವಿಜ್ಞಾನಿಯ ಹೆಸರಿನಲ್ಲಿ ಒಂದು ಅಂದಾಜು ಲೆಕ್ಕ ಇದೆ: ಬೀಜದ ತೇವಾಂಶ ಶೇ 1ರಷ್ಟು ಇಳಿದರೆ ಬಾಳಿಕೆ ದುಪ್ಪಟ್ಟು, ಉಷ್ಣಾಂಶ 5–6 ಡಿಗ್ರಿ ಸೆಲ್ಸಿಯಸ್ ಇಳಿದರೂ ದುಪ್ಪಟ್ಟು. ನಾರ್ವೆಯ ಸ್ವಾಲ್ಬಾರ್ಡ್‌ನಲ್ಲಿ 2008ರಲ್ಲಿ ತೆರೆದ ಬೀಜದ ಉಗ್ರಾಣದಲ್ಲಿ ಮೈನಸ್ 18 ಡಿಗ್ರಿಯಲ್ಲಿ ಬೀಜ ಇಟ್ಟಿರುವುದು ಇದಕ್ಕೇ. ಅಲ್ಲಿ ಬೀಜ ಮೊಳೆಯಬಾರದು, ಸುಮ್ನೆ ಇರಬೇಕು.

ಸೇಬಿನ ಬೀಜದ ಕಥೆ ಬೇರೆ. ಅದು ನೀರು ಕುಡಿದು ಒದ್ದೆಯಾಗಿ, ಒದ್ದೆ ಮರಳಿನಲ್ಲೋ ಒದ್ದೆ ಬಟ್ಟೆಯಲ್ಲೋ 1ರಿಂದ 5 ಡಿಗ್ರಿಯಲ್ಲಿ ಎರಡು ಮೂರು ತಿಂಗಳು ಕಳೆಯಬೇಕು. ಆ ಹೊತ್ತಿನಲ್ಲಿ ಮೊಳಕೆಯನ್ನು ತಡೆದಿಟ್ಟ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನಿನ ಹಿಡಿತ ಸಡಿಲುತ್ತದೆ, ಮೊಳೆಯಲು ಪ್ರೇರೇಪಿಸುವ ಇನ್ನೊಂದು ಹಾರ್ಮೋನು ಜಿಬ್ಬರೆಲಿನ್‌ನದು ಮೇಲಾಗುತ್ತದೆ. ಚಳಿಗಾಲ ಕಳೆಯಿತು ಅಂತ ಬೀಜಕ್ಕೆ ಗೊತ್ತಾಗುವ ಬಗೆ ಇದು. ಒಣ ಬೀಜ ಎಷ್ಟು ತಿಂಗಳು ಫ್ರಿಜ್‌ನಲ್ಲಿದ್ದರೂ ಚಳಿಗಾಲ ಬಂದದ್ದೇ ಅದಕ್ಕೆ ತಿಳಿಯುವುದಿಲ್ಲ.

ಈಗ ನಮ್ಮ ಮಾತಿಗೆ ಬರುತ್ತೇನೆ. 'ನೀರು ತಣ್ಣಗಿದೆ' ಅನ್ನುತ್ತೇವೆ, 'ನೀರಿಗೆ ಚಳಿಯಾಗಿದೆ' ಅನ್ನುವುದಿಲ್ಲ. ಚಳಿ ಆಗುವುದು ಜೀವಕ್ಕೆ. ತಂಪು ಜಾಗಕ್ಕೆ, ವಸ್ತುವಿಗೆ ಸೇರಿದ್ದು. ಹಾಗಾದರೆ ಒಣ ಬೀಜವನ್ನು 'ತಂಪಿನಲ್ಲಿಡುವುದು', ಒದ್ದೆ ಬೀಜಕ್ಕೆ 'ಚಳಿ ಕೊಡುವುದು' ಅಂದರೆ ಗೊಂದಲ ಅರ್ಧ ಕಳೆಯಿತು, ಅಲ್ವಾ? 'ಹಾಲೂಡು' ಎಂದ ಹಾಗೆ 'ಚಳಿಯೂಡು', ಅದರಿಂದ 'ಚಳಿಯೂಡಿಕೆ' ಎಂದೂ ಕಟ್ಟಬಹುದು. ನನಗೇನೋ ಹಿಡಿಸಿದೆ. ಕಿವಿಗೆ ಒರಟು ಅನ್ನಿಸಿದರೆ ಹೇಳಿ.

ಪಠ್ಯಗಳ ದಾರಿಯಲ್ಲಿ ಹೋದರೆ ಇದಕ್ಕೆ 'ಸ್ತರೀಕರಣ' ಅನ್ನಬೇಕು. ಇಂಗ್ಲಿಷಿನ ಸ್ಟ್ರಾಟಿಫಿಕೇಷನ್‌ಗೆ ಲ್ಯಾಟಿನ್‌ನ 'ಪದರ' ಎಂಬ ಮಾತು ಮೂಲ. ಹಿಂದೆ ತೋಟಗಾರರು ಒಂದು ಪದರ ಮರಳು, ಒಂದು ಪದರ ಬೀಜ ಹಾಕುತ್ತಿದ್ದರಿಂದ ಆ ಹೆಸರು ಬಂತು. ಈಗ ಒದ್ದೆ ಟಿಶ್ಯೂ ಕಾಗದದಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಮುಗಿಯಿತು. ಎಲ್ಲಿಯ ಪದರ? ಹೋದ ಪದರವನ್ನು ನಾವು ಸಂಸ್ಕೃತದಲ್ಲಿ ಯಾಕೆ ಹೊರಬೇಕೋ! ನನ್ನ 'ಶೀತೋಪಚಾರ'ವೂ ಅಷ್ಟೇ ಕೆಟ್ಟದ್ದು. ಬಿತ್ತುವ ಮುಂಚೆ ಬೀಜಕ್ಕೆ ಔಷಧಿ ಲೇಪಿಸುವುದಕ್ಕೆ 'ಬೀಜೋಪಚಾರ' ಎಂಬ ಮಾತು ಆಗಲೇ ಬಳಕೆಯಲ್ಲಿದೆ. ಓದಿದವರು ಯಾವುದೋ ಪುಡಿ ಹುಡುಕುತ್ತಾರೆ.

'ಶೀತ'ವನ್ನು ಮಾತ್ರ ಪೂರ್ತಿ ಬಿಡಬೇಕಿಲ್ಲ. ಬೀನ್ಸ್, ಮೆಕ್ಕೆಜೋಳದಂಥ ಬೀಜಗಳು ಒಣಗಿದ್ದಾಗ ಮೊದಲು ಹೀರುವ ನೀರೇ ತೀರಾ ತಣ್ಣಗಿದ್ದರೆ ಜೀವಕೋಶಗಳ ಪೊರೆ ಹಾಳಾಗಿ ಒಳಗಿನ ಸಾರ ಸೋರುತ್ತದೆ. ಬೀಜ ಮಣ್ಣಲ್ಲೇ ಕೊಳೆಯುತ್ತದೆ. ಇದಕ್ಕೆ 'ಬೀಜಕ್ಕೆ ಶೀತವಾಯಿತು' ಅಂದರೆ ಹೇಗೆ? ಮೂಗು ಸೋರುವವರಿಗೆ ಹೇಳುವ ಮಾತು ಸೋರುವ ಬೀಜಕ್ಕೂ ಸಲ್ಲಬೇಕು.

ಇನ್ನು 'ಸುಪ್ತಾವಸ್ಥೆ'. ಪೊಟ್ಟಣದಲ್ಲಿರುವ ಟೊಮೇಟೊ ಬೀಜವೂ ಸುಪ್ತ, ಒದ್ದೆ ಮಣ್ಣಲ್ಲಿದ್ದೂ ಏಳದ ಸೇಬಿನ ಬೀಜವೂ ಸುಪ್ತ ಅಂತ ಬರೆಯುತ್ತಾರೆ. ಎರಡೂ ಒಂದೇ ಅಲ್ಲ. ಟೊಮೇಟೊ ಬರೀ ನೀರಿಗೆ, ಬೆಚ್ಚಗಿನ ಮಣ್ಣಿಗೆ ಕಾಯುತ್ತಿದೆ. ಸೇಬಿಗೆ ನೀರು ಕೊಟ್ಟರೂ ಎಚ್ಚರವಿಲ್ಲ. ಸುಪ್ತ ಅಂದರೆ ಮಲಗಿದ್ದು ಎಂದೇ ಅರ್ಥ. ಹಾಗಾಗಿ ಸೇಬಿಗೆ 'ನಿದ್ದೆ' ಸರಿ. ಟೊಮೇಟೊಗೆ ಏನನ್ನೋಣ? 'ಕಾಯುವ ಬೀಜ' ಎಂದು ಬರೆದೆ. 'ಕಾಯಿ'ಗೂ 'ಕಾಯುವ'ಕ್ಕೂ ಓದುವವರು ಗಂಟು ಹಾಕಿಯಾರು ಅಂತ ಹೊಡೆದು ಹಾಕಿದೆ.

ಇನ್ನೊಂದು ತಮಾಷೆ. ಒಣಗಿಸಿ ತಂಪಿನಲ್ಲಿಡಲು ಒಗ್ಗುವ ಬೀಜಗಳಿಗೆ ಇಂಗ್ಲಿಷಿನಲ್ಲಿ ಆರ್ಥೊಡಾಕ್ಸ್, ಒಗ್ಗದವಕ್ಕೆ ರಿಕ್ಯಾಲ್ಸಿಟ್ರಂಟ್ ಎನ್ನುತ್ತಾರೆ. 1973ರಲ್ಲಿ ರಾಬರ್ಟ್ಸ್ ಎಂಬವರು ಮಾಡಿದ ವಿಂಗಡಣೆ ಇದು. ಆರ್ಥೊಡಾಕ್ಸ್ ಅನ್ನು 'ಸಾಂಪ್ರದಾಯಿಕ ಬೀಜ' ಎಂದು ಕನ್ನಡಿಸಿದರೆ ಓದುವವರು ನಾಟಿ ತಳಿ ಅಂದುಕೊಳ್ಳುತ್ತಾರೆ. ಮಾವು, ಹಲಸು, ಕೋಕೊ ಬೀಜಗಳು ಒಣಗಿದರೆ ಸಾಯುತ್ತವೆ. ಅವುಗಳಿಗೆ 'ಹಸಿಬಾಳಿನ ಬೀಜ', ಉಳಿದವಕ್ಕೆ 'ಒಣಬಾಳಿನ ಬೀಜ' ಎಂದು ಸದ್ಯಕ್ಕೆ ಬರೆದಿಟ್ಟುಕೊಂಡಿದ್ದೇನೆ.

ಕೊನೆಗೆ ಉಳಿಯುವ ತೊಡಕು ವರ್ನಲೈಸೇಷನ್. ಅದೂ ಚಳಿ ಕೊಡುವುದೇ, ಆದರೆ ಮೊಳಕೆಗಲ್ಲ, ಮುಂದೆ ಹೂ ಬಿಡಲಿ ಅಂತ. ಚಳಿಗಾಲದ ಗೋಧಿಯಲ್ಲಿ ಮೊಳೆಯತೊಡಗಿದ ಬೀಜಕ್ಕೇ ಇದನ್ನು ಮಾಡಬಹುದು. ಕೆಲಸ ಒಂದೇ, ಉದ್ದೇಶ ಬೇರೆ. 'ವಸಂತೀಕರಣ' ಎಂಬ ಅನುವಾದ ಇದೆ. ಚಳಿಯ ಕೆಲಸಕ್ಕೆ ವಸಂತದ ಹೆಸರು ನನಗೆ ಒಗ್ಗುತ್ತಿಲ್ಲ. 'ಮೊಳಕೆಯ ಚಳಿ', 'ಹೂವಿನ ಚಳಿ' ಎಂದು ಬಿಡಿಸಿ ಹೇಳಿದರೆ ಸಾಕೇ, ಅಥವಾ ನಿಮ್ಮ ಕಡೆ ಕೃಷಿಕರ ಬಾಯಲ್ಲಿ ಬೇರೆ ಮಾತು ಕೇಳಿದ್ದೀರಾ? ಟಿಪ್ಪಣಿಯನ್ನು ತಿದ್ದಿ ಕೊಡಬೇಕಿದೆ. ಗೆಳೆಯರು ಈ ಸಲ ಬೀಜ ನೆನೆಸಿ ಕೂತಿದ್ದಾರೆ.