ಸಹಾಯ ಬೇಕು: ಶಿರಸಿಯ ನಮ್ಮ ಕೇರಿಯ ಕೆರೆಯನ್ನು ವರ್ಷವಿಡೀ ನೋಡಿಕೊಳ್ಳಲು

ನಮಸ್ಕಾರ. ಕಳೆದ ಬೇಸಿಗೆಯಲ್ಲಿ ಅಕ್ಕಪಕ್ಕದವರೆಲ್ಲ ಸೇರಿ ನಮ್ಮ ಕೇರಿಯ ಸಣ್ಣ ಕೆರೆಯ ಹೂಳು ತೆಗೆದೆವು. ಗುದ್ದಲಿ, ಬುಟ್ಟಿ ಹಿಡಿದು ಹೆಂಗಸರೇ ಮುಂದೆ ನಿಂತಿದ್ದರು. ಈಗ ಕೋಡಿಯ ಬಾಯಿಗೆ ಮತ್ತೆ ಪ್ಲಾಸ್ಟಿಕ್ ಚೀಲ, ತರಗೆಲೆ ಕಟ್ಟಿಕೊಂಡಿವೆ. ದಂಡೆಯ ಒಂದು ಮೂಲೆ ಜರಿಯುತ್ತಿದೆ. ಮಳೆಗಾಲದೊಳಗೆ ಸರಿಪಡಿಸದಿದ್ದರೆ ಆ ಮಣ್ಣೆಲ್ಲ ಕೆರೆಗೇ ಇಳಿಯುತ್ತದೆ.

ಒಂದು ದಿನದ ಶ್ರಮದಾನಕ್ಕೆ ಜನ ಬರುತ್ತಾರೆ, ಆಮೇಲೆ ಯಾರೂ ಇಲ್ಲ. 1983ರಲ್ಲಿ ಸಲ್ಕಣಿ ಊರಿನವರು ಕಡಿಯಲು ಬಿಡದೆ ಮರಗಳನ್ನು ಅಪ್ಪಿ ನಿಂತು ಅಪ್ಪಿಕೋ ಚಳವಳಿ ಆರಂಭಿಸಿದ ತಾಲ್ಲೂಕು ಇದು. ಇಲ್ಲಿ ಕೈಜೋಡಿಸುವವರಿಗೆ ಬರವಿದೆ ಎಂದು ನಾನು ಒಪ್ಪಲಾರೆ.

ದಂಡೆಗೆ ಕಲ್ಲು ಕಟ್ಟಬಲ್ಲವರು, ಮಣ್ಣು ಹಿಡಿದಿಡುವ ಲಾವಂಚದ ಹುಲ್ಲಿನ ಸಸಿ ಕೊಡಬಲ್ಲವರು ದಯವಿಟ್ಟು ತಿಳಿಸಿ. ಕೆರೆ ಸಮಿತಿ ನಡೆಸಿದ ಅನುಭವವಿರುವವರು ಹೇಳಿ: ಸರದಿಯನ್ನು ಹೇಗೆ ಹಂಚಿದಿರಿ? ಹಣದ ಲೆಕ್ಕ ಯಾರ ಕೈಯಲ್ಲಿತ್ತು? ಸಂಘವನ್ನು ನೋಂದಾಯಿಸಿದ್ದರಿಂದ ಅನುಕೂಲವಾಯಿತೇ?