ಸಹಾಯ ಬೇಕು: ಮಾವನ ಹಳೆಯ ಟ್ರಕ್ ಮಾದರಿಯ ಬಣ್ಣ ತೆಗೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಡೊಂಬಿವಲಿಯ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಅಟ್ಟದ ಟ್ರಂಕಿನಲ್ಲಿ ಸೋದರಮಾವನ ಟ್ರಕ್ ಸಿಕ್ಕಿತು. ಪೀಟರ್‌ಬಿಲ್ಟ್ 359 ಎಂಬ ಅಮೆರಿಕನ್ ಟ್ರಕ್ಕಿನ ಮಾದರಿ, ಎಎಂಟಿ ಕಂಪನಿಯ 1/25 ಅಳತೆಯ ಪ್ಲಾಸ್ಟಿಕ್ ಕಿಟ್. ಹಡಗಿನ ಕೆಲಸದಲ್ಲಿದ್ದಾಗ ತಂದು, ರಜೆಯಲ್ಲಿ ಕುಳಿತು ಜೋಡಿಸಿದ್ದರು.

ಒಂದು ಕನ್ನಡಿ ಮುರಿದಿದೆ, ಹೊಗೆ ಕೊಳವೆಯ ಕ್ರೋಮ್ ಸುಲಿದಿದೆ. ಅದಿರಲಿ, ತಲೆನೋವು ಬಣ್ಣದ್ದು. ಮನೆಯ ಬಾಗಿಲಿಗೆ ಬಳಿಯುವ ಎನಾಮಲ್ಲನ್ನೇ ಕುಂಚದಿಂದ ದಪ್ಪಗೆ ಮೆತ್ತಿದ್ದಾರೆ. ಕ್ಯಾಬಿನ್ನಿನ ರಿವೆಟ್‌ಗಳು ದೋಸೆ ಹಿಟ್ಟಿನಲ್ಲಿ ಮುಳುಗಿದ ಸಾಸಿವೆಯಂತಿವೆ.

ಥಿನ್ನರ್ ತಾಗಿದರೆ ಕಿಟ್‌ನ ಪ್ಲಾಸ್ಟಿಕ್, ಅಂದರೆ ಪಾಲಿಸ್ಟೈರೀನ್, ಕರಗುತ್ತದೆ ಎಂಬುದು ಗೊತ್ತು. ಗೊತ್ತಿದ್ದೂ ಅಡಿಭಾಗಕ್ಕೆ ಒಂದು ತೊಟ್ಟು ಹಾಕಿ ಒರೆಸಲು ಹೋದೆ, ನನ್ನ ಹೆಬ್ಬೆರಳಿನ ಗುರುತು ಅಲ್ಲಿ ಶಾಶ್ವತವಾಗಿ ಉಳಿದಿದೆ. ಬಿಡಿಭಾಗವೊಂದನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ರಾತ್ರಿಯಿಡೀ ನೆನೆಸಿದರೂ ಎನಾಮಲ್ ಜಗ್ಗಲಿಲ್ಲ. ಬ್ರೇಕ್ ಆಯಿಲ್‌ಗೆ ಬಿಡುತ್ತದೆ ಎನ್ನುತ್ತಾರೆ. ಅದು ಕ್ರೋಮನ್ನೂ ತಿನ್ನುತ್ತದೆ, ಹಳೆಯ ಪ್ಲಾಸ್ಟಿಕ್ ಬಿರುಕು ಬಿಟ್ಟೀತೆಂಬ ಭಯ ಬೇರೆ. ಯಾರಾದರೂ ಮಾಡಿ ನೋಡಿದ್ದೀರಾ? ಎಷ್ಟು ಗಂಟೆ ಇಟ್ಟಿರಿ?

ಇನ್ನು ಮಳೆಗಾಲ. ಈ ತೇವದಲ್ಲಿ ಲ್ಯಾಕರ್ ಸ್ಪ್ರೇ ಹೊಡೆದರೆ ಮಂಜು ಕವಿದಂತೆ ಬೆಳ್ಳಗಾಗುತ್ತದೆ. ನವರಾತ್ರಿಯವರೆಗೆ ಕಾಯಲೇಬೇಕೆ? ಠಾಣೆ, ಮಾಟುಂಗ ಕಡೆ ಏರ್‌ಬ್ರಷ್ ಇರುವವರು ಇದ್ದೀರಾ? ಪ್ರೈಮರ್, ಬಣ್ಣದ ಖರ್ಚು ನನ್ನದು. ಮೇಲೆ ಇಡ್ಲಿ, ಕಾಫಿಯೂ ನನ್ನದೇ.

ಒಂದು ಮಾತು ಬಿಟ್ಟೆ. ಬಾಗಿಲಿನ ಮೇಲೆ ಮಾವ ಸಣ್ಣ ಕುಂಚದಲ್ಲಿ ‘ಕುಂದಾಪುರ’ ಎಂದು ಬರೆದಿದ್ದಾರೆ, ‘ಪು’ವಿನ ಕೊಂಬು ಸ್ವಲ್ಪ ಸೊಟ್ಟ. ಅದನ್ನು ಉಳಿಸಿಕೊಂಡು ಸುತ್ತಲಿನ ಬಣ್ಣ ಮಾತ್ರ ತೆಗೆಯುವ ಉಪಾಯ ಬೇಕು. ದೀಪಾವಳಿಗೆ ಅವರು ಬರುತ್ತಿದ್ದಾರೆ.