ಸುಣ್ಣದಕಲ್ಲು ಎಷ್ಟು ಹಾಕಿದರೂ ಅಬ್ಸಾರ್ಬರ್ ಪಿಎಚ್ ಏರುತ್ತಿಲ್ಲ

ಸ್ಲರಿಪಂಪ್:
500 ಮೆಗಾವ್ಯಾಟ್ ಯೂನಿಟ್, ಸುಣ್ಣದಕಲ್ಲಿನ ವೆಟ್ ಎಫ್‌ಜಿಡಿ (ಹೊಗೆಯ ಎಸ್‌ಒ2, ಅಂದರೆ ಸಲ್ಫರ್ ಡೈಆಕ್ಸೈಡನ್ನು, ಅಬ್ಸಾರ್ಬರ್ ಗೋಪುರದಲ್ಲಿ ಕಲ್ಲಿನ ಪುಡಿ ಬೆರೆತ ನೀರು, ಅಂದರೆ ಸ್ಲರಿ, ಚಿಮುಕಿಸಿ ತೊಳೆದು ಜಿಪ್ಸಮ್ ಮಾಡುವ ವ್ಯವಸ್ಥೆ). ಪಿಎಚ್ ಸೆಟ್‌ಪಾಯಿಂಟ್ 5.6. ಎರಡು ಪಾಳಿಯಿಂದ 5.0ಕ್ಕೆ ಇಳಿದು ಅಲ್ಲೇ ಕೂತಿದೆ. ಕಲ್ಲಿನ ಫೀಡ್ ವಾಲ್ವ್ ಪೂರ್ತಿ ತೆರೆದಿದೆ. ಚಿಮಣಿಯಲ್ಲಿ ಎಸ್‌ಒ2 ಘನಮೀಟರಿಗೆ 140 ಮಿಗ್ರಾಂ ಇದ್ದದ್ದು 330 ಆಗಿದೆ, ಮಿತಿ 200. ಜಿಪ್ಸಮ್‌ನಲ್ಲಿ ಕಾರ್ಬೊನೇಟ್ ಶೇ. 2ರಿಂದ 7ಕ್ಕೆ ಏರಿದೆ. ಲೋಡು, ಕಲ್ಲಿದ್ದಲು ಬದಲಾಗಿಲ್ಲ. ಸ್ಲರಿಯನ್ನು ಮೇಲೆತ್ತಿ ಚಿಮುಕಿಸುವ ಇನ್ನೊಂದು ರೀಸರ್ಕ್ಯುಲೇಷನ್ ಪಂಪ್ ಓಡಿಸಲೇ?

ಬೂದಿಗುಂಡಿ:
ಬೇಡ ಸರ್. ಪಂಪ್ ಓಡಿಸಿದರೆ ಇನ್ನಷ್ಟು ಎಸ್‌ಒ2 ದ್ರವಕ್ಕೆ ಇಳಿಯುತ್ತದೆ, ಕರಗುವ ಸುಣ್ಣ ಇಲ್ಲದ ಕಡೆ ಪಿಎಚ್ ಮತ್ತೂ ಬೀಳುತ್ತದೆ. ಕಾರ್ಬೊನೇಟ್ ಏರುತ್ತಿದೆ, ಪಿಎಚ್ ಇಳಿಯುತ್ತಿದೆ ಅಂದರೆ ಕಲ್ಲು ಟ್ಯಾಂಕಿನಲ್ಲಿದೆ, ಕರಗುತ್ತಿಲ್ಲ. ಇದನ್ನೇ ಬ್ಲೈಂಡಿಂಗ್ ಅನ್ನುವುದು: ಕಣದ ಮೇಲೆ ಪದರ ಕೂತಿದೆ. ಫೀಡ್ ಈಗಲೇ ತಗ್ಗಿಸಿ. 1 ಟನ್ ಎಸ್‌ಒ2ಗೆ ಶುದ್ಧ ಕಲ್ಲು 1.56 ಟನ್ ಸಾಕು. ಶೇ. 90 ಶುದ್ಧತೆಯ ಕಲ್ಲು, ಶೇ. 3 ಹೆಚ್ಚುವರಿ ಸೇರಿಸಿದರೂ 1.8 ಟನ್ ದಾಟದು. ನಿಮ್ಮದು ಎಷ್ಟು ಹೋಗುತ್ತಿದೆ, ಲೆಕ್ಕ ಹಾಕಿ ನೋಡಿ.

ಪದರಕ್ಕೆ ಮುಖ್ಯ ಕಾರಣ ಎರಡು. ಬೂದಿಯ ಅಲ್ಯೂಮಿನಿಯಂ, ಕಲ್ಲಿದ್ದಲಿನ ಫ್ಲೋರೈಡ್ ಸೇರಿ ಕೂರುವುದು ಒಂದು. ಸಲ್ಫೈಟನ್ನು ಸಲ್ಫೇಟ್ ಮಾಡಲು ಬ್ಲೋವರ್ ಊದುವ ಆಕ್ಸಿಡೇಷನ್ ಗಾಳಿ ಸಾಲದೆ ಸಲ್ಫೈಟ್ ಕೂರುವುದು ಇನ್ನೊಂದು. ಸ್ಲರಿಯನ್ನು ಟ್ಯಾಂಕಿನ ಬಳಿಯೇ ಸೋಸಿ ಅಯೋಡಿನ್ ಟೈಟ್ರೇಷನ್ ಮಾಡಿ. ಲ್ಯಾಬಿಗೆ ಹೊತ್ತೊಯ್ಯುವಷ್ಟರಲ್ಲಿ ಸಲ್ಫೈಟ್ ಗಾಳಿಗೆ ಸಲ್ಫೇಟ್ ಆಗಿಬಿಡುತ್ತದೆ. ಸಲ್ಫೈಟ್ ಇದ್ದರೆ ಬೆಲ್ಟ್ ಫಿಲ್ಟರ್‌ನ ಕೇಕ್ (ನೀರು ಹಿಂಡಿದ ಜಿಪ್ಸಮ್) ಕೂಡ ಒದ್ದೆ ಒದ್ದೆಯಾಗಿಯೇ ಬರುತ್ತದೆ.

ಜಿಪ್ಸಮ್‌ಕೇಕ್:
ಅದಕ್ಕೂ ಮೊದಲು ಪಿಎಚ್ ಮೀಟರ್ ನೋಡಿ. ಎಲೆಕ್ಟ್ರೋಡ್ ಮೇಲೆ ಜಿಪ್ಸಮ್ ಕಟ್ಟಿರುತ್ತದೆ. ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದು 4 ಮತ್ತು 7ರ ಬಫರ್‌ನಲ್ಲಿ ಪರೀಕ್ಷಿಸಿ. ಕೈಮಾದರಿಯನ್ನು ತಕ್ಷಣ ಅಳೆಯಿರಿ. ಬಾಟಲಿಯಲ್ಲಿ ಉಳಿದ ಕಲ್ಲು ಕರಗುತ್ತ ಹೋಗಿ ಸುಳ್ಳು ಏರಿಕೆ ತೋರಿಸುತ್ತದೆ. ಕಲ್ಲು ಅರೆಯುವ ಬಾಲ್ ಮಿಲ್‌ನ ಸ್ಲರಿಯನ್ನೂ ಜರಡಿ ಹಿಡಿಯಿರಿ. 325 ಮೆಶ್‌ನಲ್ಲಿ ಶೇ. 90 ಹಾಯದಿದ್ದರೆ ಕಲ್ಲು ದಪ್ಪವಾಯಿತು ಅಂತಲೇ ಲೆಕ್ಕ.

ಸ್ಲರಿಪಂಪ್:
ಎರಡೂ ಮೀಟರ್ ಸರಿಯಿವೆ, ಜರಡಿಯಲ್ಲಿ ಶೇ. 91 ಹಾಯುತ್ತದೆ. ಸಲ್ಫೈಟ್ ಅತ್ಯಲ್ಪ, ಬ್ಲೋವರ್ ಕರೆಂಟ್ ಎಂದಿನಂತೆ. ಆದರೆ ಹೊಗೆಯ ಬೂದಿ ಹಿಡಿಯುವ ಇಎಸ್‌ಪಿಯಲ್ಲಿ ಒಂದು ಪಾಸ್‌ನ (ಹೊಗೆ ಹಾಯುವ ದಾರಿ) ಎರಡು ಫೀಲ್ಡ್ (ವಿದ್ಯುತ್ ವಿಭಾಗ) ಟ್ರಿಪ್ ಆಗಿವೆ, ಸೋಸಿದ ದ್ರವದಲ್ಲಿ ಅಲ್ಯೂಮಿನಿಯಂ, ಫ್ಲೋರೈಡ್ ಎರಡೂ ಮಾಮೂಲಿಗಿಂತ ಬಹಳ ಹೆಚ್ಚು.

ಬೂದಿಗುಂಡಿ:
ಹಾಗಾದರೆ ಸಿಕ್ಕಿತು, ಅಲ್ಲಿ ಹಿಡಿಯದ ಬೂದಿ ಅಬ್ಸಾರ್ಬರ್‌ಗೆ ಬರುತ್ತಿದೆ. ಫೀಲ್ಡ್ ಸರಿಪಡಿಸುವವರೆಗೆ ಏನು ಹಾಕಿದರೂ ನೀರಿನಲ್ಲಿ ಹೋಮ. ಲೋಡು ಇಳಿಸಿ, ಅಬ್ಸಾರ್ಬರ್‌ನಿಂದ ಬ್ಲೀಡ್ (ಹೊರತೆಗೆಯುವ ಸ್ಲರಿ) ಹೆಚ್ಚಿಸಿ. ಸ್ಲರಿಯನ್ನು ಸುತ್ತಿಸಿ ದಪ್ಪ ಕಣ ಬೇರ್ಪಡಿಸುವ ಹೈಡ್ರೋಸೈಕ್ಲೋನ್ ಮೇಲ್ದ್ರವವನ್ನು ಟ್ಯಾಂಕಿಗೆ ತಿರುಗಿಸದೆ ತ್ಯಾಜ್ಯನೀರಿಗೆ ಬಿಡಿ, ಸಣ್ಣ ಬೂದಿ ಅದರಲ್ಲೇ ಸುತ್ತುತ್ತಿರುತ್ತದೆ. ತುರ್ತಿಗೆ ಕಾಸ್ಟಿಕ್ ಸೋಡಾ ಸ್ವಲ್ಪ ಸ್ವಲ್ಪವೇ ಕೊಟ್ಟರೆ ಪಿಎಚ್ ಏರಿ ಅಲ್ಯೂಮಿನಿಯಂ ಫ್ಲೋರೈಡ್ ದ್ರವದಿಂದ ಕೆಳಗೆ ಕೂರುತ್ತದೆ, ಆಗ ಕಲ್ಲು ಮತ್ತೆ ಕರಗಲು ಶುರು.

ಜಿಪ್ಸಮ್‌ಕೇಕ್:
ಆ ಹೊತ್ತಿನಲ್ಲಿ ಫೀಡ್ ಆಟೋದಲ್ಲಿ ಬಿಡಬೇಡಿ. ಟ್ಯಾಂಕಿನಲ್ಲಿ ಕೂಡಿರುವ ಕಲ್ಲೆಲ್ಲ ಒಟ್ಟಿಗೆ ಕರಗಿ ಪಿಎಚ್ 6 ದಾಟಿದರೆ ಸಲ್ಫೈಟ್ ಆಕ್ಸಿಡೇಷನ್ ನಿಧಾನವಾಗಿ, ಹೊಗೆಯ ಹನಿ ತಡೆಯುವ ಮಿಸ್ಟ್ ಎಲಿಮಿನೇಟರ್‌ನಲ್ಲಿ ಗಟ್ಟಿ ಕಟ್ಟುತ್ತದೆ. ಕಾರ್ಬೊನೇಟ್ ಶೇ. 3ಕ್ಕಿಂತ ಕೆಳಗಿಳಿದ ಮೇಲೆ ಆಟೋ ಹಾಕಿ. ಈ ನಡುವಿನ ಜಿಪ್ಸಮ್ ಅನ್ನು ಸಿಮೆಂಟಿನವರಿಗೆ ಕಳಿಸುವ ರಾಶಿಗೆ ಸೇರಿಸಬೇಡಿ.